ಅರಗು ಬಳಿದ ಟೈರು

ಕೈಲಾಂಚದ ಬೋರಲಿಂಗಯ್ಯನಿಗೆ ದೇವರು ಎರಡು ಗಟ್ಟಿ ಕಾಲು ಕೊಟ್ಟಿದ್ದ. ಅವನ್ನು ನೆಲಕ್ಕೆ ಊರುವುದು ಘನತೆಗೆ ಕಮ್ಮಿ ಅಂತ ಅವನಿಗೆ ಅನ್ನಿಸತೊಡಗಿದ್ದು ಸೈಕಲ್ ಬಂದ ಮೇಲೆ. ಆಗಿನ್ನೂ ಮೈಸೂರಿನಲ್ಲಿ ಮಹಾರಾಜರಿದ್ದರು, ಕನಕಪುರ ಕಾನಕಾನಹಳ್ಳಿಯಾಗಿತ್ತು, ರಾಮನಗರ ಕ್ಲೋಸ್‌ಪೇಟೆಯಾಗಿತ್ತು. ಕಾನಕಾನಹಳ್ಳಿಯಿಂದ ವರ್ಗವಾಗಿ ಹೊರಟ ಒಬ್ಬ ಅಧಿಕಾರಿಯಿಂದ ಆ ವಿಲಾಯಿತಿ ಸೈಕಲ್ಲನ್ನು ಕೊಂಡು ತಂದ ದಿನ ಬೋರಲಿಂಗಯ್ಯ ಊರಬಾಗಿಲಲ್ಲಿ ಕುಂಬಳಕಾಯಿ ಒಡೆಸಿದ. ಹೋಬಳಿಗೆಲ್ಲ ಅದೊಂದೇ ಸೈಕಲ್. ಅಲ್ಲಿಂದ ಮುಂದೆ ಪಕ್ಕದ ಬೀದಿಯ ತಂಗಿ ಮನೆಗೂ ಅವನು ಸೈಕಲ್ಲಿನಲ್ಲೇ ಹೋಗುತ್ತಿದ್ದ. ಅವನು ಪೇಟ ಸರಿಮಾಡಿಕೊಂಡು, ಪಂಚೆ ಎತ್ತಿ ಕಟ್ಟಿ, ಹತ್ತಿ, ಬೆಲ್ಲು ಬಾರಿಸಿ ಹೊರಡುವಷ್ಟರಲ್ಲಿ ನಡೆದು ಹೊರಟವರು ಅಲ್ಲಿ ಎಲೆ ಅಡಿಕೆ ಹಾಕಿಕೊಂಡು ವಾಪಸು ಬರುತ್ತಿದ್ದರು. ಆದರೂ ಸೈಕಲ್ ಸೈಕಲ್ಲೇ ಅಲ್ಲವೇ!

ಅಧಿಕಾರಿಯ ಕಾಲದಲ್ಲೇ ಅರ್ಧ ಆಯಸ್ಸು ಕಳೆದಿದ್ದ ಟೈರುಗಳು ಬೋರಲಿಂಗಯ್ಯನ ಕೆಳಗೆ ಇನ್ನೂ ಮೂರು ವರ್ಷ ಉರುಳಿದವು. ಮುಂದಿನದು ಹೇಗೋ ಮಾನ ಉಳಿಸಿಕೊಂಡಿತ್ತು. ಅವನ ಭಾರವನ್ನೆಲ್ಲ ಹೊತ್ತ ಹಿಂದಿನದು ಮಾತ್ರ ಸವೆದು ಸವೆದು ನುಣ್ಣಗಾಗಿತ್ತು. ಒಮ್ಮೆ ಮಾಗಡಿಯ ಕಡೆ ನೆಂಟರ ಮದುವೆಗೆ ಹೊರಟವನಿಗೆ ದಾರಿಯಲ್ಲಿ ನಾಲ್ಕು ಸಲ ಪಂಚರ್ ಆಗಿ, ಹುಡುಗ ತಾಳಿ ಕಟ್ಟಿ ಊಟದ ಎಲೆ ಎತ್ತುವ ಹೊತ್ತಿಗೆ ಇವನು ಸೈಕಲ್ ತಳ್ಳಿಕೊಂಡು ಚಪ್ಪರದ ಮುಂದೆ ಬಂದು ನಿಂತ. ನೆಂಟರು ನಕ್ಕರು. ಸೈಕಲ್ಲನ್ನು ನೋಡಿ ಹೊಟ್ಟೆಕಿಚ್ಚಿಗೆ ನಗುತ್ತಿದ್ದಾರೆ ಅಂತ ಬೋರಲಿಂಗಯ್ಯ ಸಮಾಧಾನ ಮಾಡಿಕೊಂಡ.

ಕ್ಲೋಸ್‌ಪೇಟೆಯ ಸ್ಟೇಷನ್ ರಸ್ತೆಯಲ್ಲಿ ನಜೀರ್ ಸಾಬರ ಸೈಕಲ್ ಅಂಗಡಿ ಇತ್ತು. ಸುತ್ತಮುತ್ತ ಯಾರ ಸೈಕಲ್ಲಿಗೆ ಕಾಯಿಲೆಯಾದರೂ ಅಲ್ಲಿಗೇ ಬರಬೇಕು. ಪ್ರತಿ ಸಲ ಟ್ಯೂಬಿಗೆ ತೇಪೆ ಹಾಕುವಾಗಲೂ ನಜೀರ್ ಸಾಬರು ಅದೇ ಮಾತನ್ನು ಹೇಳುತ್ತಿದ್ದರು.

"ನೋಡಿ ಗೌಡ್ರೇ, ಟೈರು ತಾನಾಗೇ ಹೇಳ್ತದೆ, ಕೇಳೋರು ಬೇಕು. ಮಧ್ಯದಲ್ಲಿ ಕೈಯಾಡ್ಸಿ ನೋಡಿ, ಒಂದು ಗೆರೆ ಇಲ್ಲ. ಪಕ್ಕದಲ್ಲಿ ನಮ್ ಹಿಮ್ಮಡಿ ಒಡೆದಂಗೆ ಒಡೆದದೆ. ತಿಂಗಳಿಗೊಂದು ಪಂಚರ್ ಆಗ್ತಿದ್ದಿದ್ದು ಈಗ ವಾರಕ್ಕೆರಡು. ಇನ್ನು ಒಳಗಿನ ನೂಲೊಂದು ಆಚೆ ಕಾಣೋದು ಬಾಕಿ. ನೂಲು ಕಂಡ ದಿನ ಅದರ ಮೇಲೆ ಒಂದು ಫರ್ಲಾಂಗೂ ಹೋಗ್ಬೇಡಿ. ಬಿಚ್ಚಿ ಬಿಸಾಕಿ."

"ನಮ್ ಎದುರುಮನೆ ಗಾಡಿ ಚಕ್ರದ ಪಟ್ಟಿ ನಲವತ್ತು ವರ್ಸದಿಂದ ಉರುಳ್ತಾ ಐತೆ ಸಾಬ್ರೇ. ಸವ್ದಷ್ಟೂ ಚೆಂದಾಗಿ ಓಡ್ತದೆ."

"ಅದು ಕಬ್ಬಿಣ ಗೌಡ್ರೇ. ಇದು ರಬ್ಬರ್."

"ವಿಲಾಯ್ತಿ ರಬ್ಬರ್!" ಅಂತ ಬೋರಲಿಂಗಯ್ಯ ತಿದ್ದುತ್ತಿದ್ದ.

ಒಳಗಿನ ಗುಟ್ಟು ಬೇರೆಯೇ ಇತ್ತು. ಟೈರಿನ ಪಕ್ಕದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು. ಬೋರಲಿಂಗಯ್ಯನಿಗೆ ಇಂಗ್ಲಿಷ್ ಬಾರದು, ಊರಿನಲ್ಲಿ ಯಾರಿಗೂ ಬಾರದು. ಹೀಗಾಗಿ ಅದು ಲಂಡನ್ನಿನ ಚಕ್ರವರ್ತಿಯ ಹೆಸರು ಅಂತ ಅವನು ಊರಿಗೆಲ್ಲ ಓದಿ ಹೇಳಿದ್ದ. ನಜೀರ್ ಸಾಬರ ಅಂಗಡಿಯಲ್ಲಿ ನೇತು ಹಾಕಿದ್ದ ಹೊಸ ಟೈರಿನ ಮೇಲೆ ಬೇರೆ ಅಕ್ಷರಗಳು. ಈಗ ಏಕಾಏಕಿ ಚಕ್ರವರ್ತಿಯನ್ನು ಬದಲಾಯಿಸಿದರೆ ಊರಿನ ಮುಂದೆ ಏನು ಹೇಳುವುದು?

ಅವನ ಹೆಂಡತಿ ಶಿವಲಿಂಗಮ್ಮನಿಗೆ ಚಕ್ರವರ್ತಿಗಳ ಗೊಡವೆ ಇರಲಿಲ್ಲ. ಅವಳ ಜೀವವೆಲ್ಲ ರೇಷ್ಮೆ ಹುಳುವಿನ ಮೇಲಿತ್ತು. ಹಿಂದಿನ ಸಲ ಯಾರೋ ಸಂತೆಯಲ್ಲಿ ಕೊಟ್ಟ ಮೊಟ್ಟೆ ತಂದು ಸಾಕಿ, ನಾಲ್ಕನೆಯ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಹುಳುವಿಗೆಲ್ಲ ಗಂಟು ರೋಗ ಬಂತು. ಬುಟ್ಟಿ ಬುಟ್ಟಿ ಹುಳುವನ್ನು ತಿಪ್ಪೆಗೆ ಸುರಿದ ದಿನ ಅವಳು ಊಟ ಮಾಡಲಿಲ್ಲ. ಚನ್ನಪಟ್ಟಣದ ಸರ್ಕಾರಿ ರೇಷ್ಮೆ ತೋಟದಲ್ಲಿ ಭೂತಗನ್ನಡಿಯಲ್ಲಿ ನೋಡಿ, ರೋಗವಿಲ್ಲದ ಮೊಟ್ಟೆ ಮಾತ್ರ ಕೊಡುತ್ತಾರೆಂದು ಕೇಳಿ, ತಾನೇ ಹಟ ಹಿಡಿದು ಹೆಸರು ಬರೆಸಿದಳು. ಸರದಿ ಬರಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಹಿಪ್ಪುನೇರಳೆಗೆ ನೀರು ಕಟ್ಟಿದಳು, ಹುಳುಮನೆಯ ಗೋಡೆ ಸಾರಿಸಿದಳು, ಹುಳು ಮೇಯುವ ತಟ್ಟೆ, ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒಣಗಿಸಿದಳು. ಗುರುವಾರ ಬೆಳಗ್ಗೆ ಬಂದು ಮೊಟ್ಟೆ ಒಯ್ಯಬೇಕೆಂದು ಕಾಗದ ಬಂತು. ಸೊಪ್ಪು ಎಳೆಯದಾಗಿ, ಹುಳು ಕಚ್ಚುವ ಹದಕ್ಕೆ ಸರಿಯಾಗಿ ನಿಂತಿತ್ತು. ಈ ಮೊಟ್ಟೆ ಕೈತಪ್ಪಿದರೆ ಸೊಪ್ಪು ದನದ ಪಾಲು, ಅವಳ ಸರದಿ ಮತ್ತೆ ಸಾಲಿನ ಕೊನೆಗೆ.

"ಏನಂದ್ರಾ, ರೈಲಲ್ಲಿ ಓಗ್ಬನ್ನಿ," ಅಂದಳು ಶಿವಲಿಂಗಮ್ಮ. "ಕ್ಲೋಸ್‌ಪೇಟೇಲಿ ಇಳುದ್ರೆ ಚೆಲುವಣ್ಣನ ಗಾಡಿ ಇರ್ತದೆ. ತಣ್ಣಗೆ ತಂದ್ಬುಡಬೋದು."

ಚೆಲುವಯ್ಯ ಎದುರುಮನೆಯವನು, ಎತ್ತಿನ ಗಾಡಿ ಇಟ್ಟುಕೊಂಡಿದ್ದ.

"ಗಾಡೀಲಾ!" ಬೋರಲಿಂಗಯ್ಯ ಮೀಸೆಯಲ್ಲೇ ನಕ್ಕ. "ಮೊಟ್ಟೆ ಒಡ್ದು ಉಳ ಆಗಿ, ಉಳ ಗೂಡು ಕಟ್ಟಿ, ಚಿಟ್ಟೆ ಆಗಿ ಆರೋದ್ರೂ ಆ ಗಾಡಿ ಅರ್ಕಾವತಿ ದಾಟಿರಕಿಲ್ಲ. ಮನೇಲಿ ವಿಲಾಯ್ತಿ ಸೈಕಲ್ ಮಡಿಕಂಡು ಗಾಡಿ ಅತ್ತು ಅಂತೀಯಲ್ಲ, ನೋಡ್ದೋರು ಏನಂದಾರು?"

"ಮೊಟ್ಟೆ ನೋಡೋರು ನಾನೊಬ್ಳೇ ಕಣ್ರೀ," ಅಂದಳು ಅವಳು. ತವರಿನಿಂದ ತಂದಿದ್ದ ಹಳೆಯ ನೂಲಿನ ಸೀರೆಯ ಸೆರಗನ್ನು ಹರಿದು ಮಡಿಸಿ ಕೊಟ್ಟಳು. ನೀಲಿ ಅಂಚಿನ ಮೆತ್ತನೆಯ ಬಟ್ಟೆ, ನೀರು ಹಿಡಿದರೆ ಬೇಗ ಬಿಡದು. ಅದರ ಜೊತೆಗೆ ಒಂದು ಹಿತ್ತಾಳೆ ಚೊಂಬು. ಬಟ್ಟೆ ಒಣಗಗೊಡಬಾರದು ಅಂತ ಮೂರು ಸಲ ಹೇಳಿ ಕಳಿಸಿದಳು.

ಬುಧವಾರ ಮಧ್ಯಾಹ್ನ ಹೊರಡುವ ಮುಂಚೆ ಸೈಕಲ್ ಒರೆಸುತ್ತ ಕೂತವನಿಗೆ ಹಿಂದಿನ ಟೈರಿನಲ್ಲಿ ಒಂದು ಕಡೆ ಬೆಳ್ಳಗೆ ಏನೋ ಕಂಡಿತು. ಸುಣ್ಣವಿರಬೇಕು ಅಂತ ಉಗುರಿನಿಂದ ಕೆರೆದ. ಹೋಗಲಿಲ್ಲ. ನೂಲು. ಅಡ್ಡ ಉದ್ದ ನೇಯ್ದ ನೂಲು, ಕಾಲಾಣೆಯಗಲ. ನಜೀರ್ ಸಾಬರ ಮಾತು ಕಿವಿಯಲ್ಲಿ ಮೊಳಗಿತು. ಅವನಿಗೆ ಅರ್ಥವಾಗಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಚೆನ್ನಾಗಿಯೇ ಅರ್ಥವಾಯಿತು. ಆದದ್ದಿಷ್ಟೆ, ಟೈರು ಬದಲಾಯಿಸುವುದನ್ನು ಬಿಟ್ಟು ಬೇರೆ ಏನು ಮಾಡಬಹುದು ಅಂತ ಅವನ ತಲೆ ತಕ್ಷಣ ಓಡತೊಡಗಿತು. ಅಂಥ ತಲೆ ಎಲ್ಲರಿಗೂ ಇರುವುದಿಲ್ಲ.

ಚನ್ನಪಟ್ಟಣದಲ್ಲಿ ಅವನಿಗೆ ಗೊತ್ತಿದ್ದ ಬೊಂಬೆ ಮಾಡುವವರು ವಹಾಬ್ ಸಾಬರು. ಆಲೆ ಮರದ ತುಂಡನ್ನು ಕಡೆದು, ಅದು ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿಯಿಂದ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಬೋರಲಿಂಗಯ್ಯ ಸಂಜೆ ಅವರ ಮನೆ ಮುಂದೆ ಇಳಿದವನೇ ವಿಷಯ ಹೇಳಿದ.

"ಅರಗು ಮರಕ್ಕೆ ಬಳಿಯೋದು ಬೋರಣ್ಣ," ಅಂದರು ವಹಾಬ್ ಸಾಬರು. "ಟೈರಿಗೆ ಬಳಿದಿದ್ದು ನಮ್ಮಪ್ಪನ ಕಾಲದಿಂದ ನಾನು ಕೇಳಿಲ್ಲ."

"ಚನ್ನಪಟ್ಣದ ಅರಗು ಅಂದ್ರೆ ಮೈಸೂರು ಅರಮನೆ ಗಂಟ ಎಸ್ರು ಐತೆ. ಒಂದ್ ಚೂರು ರಬ್ಬರಿಗೆ ಇಡ್ಕಳಕಿಲ್ವಾ? ಓಗ್ಲಿ ಬುಡಿ, ನಿಮ್ ಕೈಲಿ ಆಗ್ದಿದ್ರೆ ಬೇರೆಯವ್ರತ್ರ ಓಗ್ತೀನಿ."

ಆ ಕೊನೆಯ ಮಾತು ವಹಾಬ್ ಸಾಬರಿಗೆ ನಾಟಿತು. ಇಬ್ಬರೂ ಸೇರಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಬೋರಲಿಂಗಯ್ಯ ಪೆಡಲನ್ನು ಕೈಯಲ್ಲಿ ತಿರುಗಿಸಿದ, ಹಿಂದಿನ ಚಕ್ರ ಗಿರ್ರೆಂದಿತು, ವಹಾಬ್ ಸಾಬರು ಕರೀ ಅರಗಿನ ಕಡ್ಡಿಯನ್ನು ಟೈರಿಗೆ ಒತ್ತಿ ಹಿಡಿದರು. ಸುಟ್ಟ ವಾಸನೆಗೆ ಬೀದಿಯವರು ಮೂಗು ಮುಚ್ಚಿಕೊಂಡು ಬಂದು ನೋಡಿದರು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬಳಿದರು. ನೂಲು ಮಾಯ, ಬಿರುಕು ಮಾಯ! ತಾಳೆಗರಿಯ ತಿಕ್ಕು ಬಿದ್ದ ಮೇಲೆ ಟೈರು ಥಳಥಳ ಹೊಳೆಯಿತು. ಕೆಲಸಗಾರಿಕೆ ಅಲ್ಲವೇ, ಸುಮ್ಮನೆ ಬಿಡಲು ಮನಸ್ಸಾಗದೆ ವಹಾಬ್ ಸಾಬರು ಸುತ್ತಲೂ ಒಂದು ಕೆಂಪು ಗೆರೆಯನ್ನೂ ಎಳೆದರು.

"ಈಗ ಎಲ್ಲೈತೆ ನೂಲು, ತೋರ್ಸಿ ನೋಡಾನ?" ಅಂದ ಬೋರಲಿಂಗಯ್ಯ.

"ಕಾಣಲ್ಲ," ಅಂದರು ವಹಾಬ್ ಸಾಬರು, ಪ್ರಾಮಾಣಿಕ ಮನುಷ್ಯ. "ಬಿಸಿಲಿಗೆ ಏನಾಗ್ತದೋ ನನಗೆ ಗೊತ್ತಿಲ್ಲ."

ಗುರುವಾರ ಬೆಳಗ್ಗೆ ರೇಷ್ಮೆ ತೋಟದ ಗುಮಾಸ್ತರು ಮೊಟ್ಟೆ ಅಂಟಿಕೊಂಡಿದ್ದ ಐದು ಹಾಳೆಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ಶಿವಲಿಂಗಮ್ಮನ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಮೇಲೆ ಹೊದಿಸಿದರು. "ನಾಳೆ ಬೆಳಗ್ಗೆ ಒಡೆಯೋ ಮೊಟ್ಟೆ ಇವು. ಬಿಸಿಲೇರೋದರೊಳಗೆ ಮನೆ ಸೇರಿಸಿ. ಅರ್ಧ ಗಂಟೆಗೊಂದು ಸಲ ಬಟ್ಟೆಗೆ ನೀರು ಚಿಮುಕಿಸಿ. ಒಣಗಿತೋ, ಒಳಗಿನ ಹುಳು ಒಳಗೇ ಸಾಯುತ್ತೆ," ಅಂದರು.

ಬಿಸಿಲೇರುವ ಮುಂಚೆ ಮನೆ ಸೇರಲು ಬೇಕಾದಷ್ಟು ಹೊತ್ತಿತ್ತು. ಆದರೆ ಅಂಥ ಟೈರು ಹಾಕಿಕೊಂಡು ಚನ್ನಪಟ್ಟಣದ ಪೇಟೆಯಲ್ಲಿ ಒಂದು ಸುತ್ತು ಹಾಕದೆ ಹೋದರೆ ಹೇಗೆ? ಹಾಕಿದ. ಜನ ನೋಡಲಿಲ್ಲವೇನೋ ಅಂತ ಇನ್ನೊಂದು ಸುತ್ತೂ ಹಾಕಿದ. ಕ್ಲೋಸ್‌ಪೇಟೆ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿತ್ತು. ನಜೀರ್ ಸಾಬರ ಅಂಗಡಿ ಮುಂದೆ ಬೇಕೆಂದೇ ನಿಧಾನ ಮಾಡಿ, ಒಂದು ಕಾಲೂರಿ, ಬಟ್ಟೆಗೆ ನೀರು ಚಿಮುಕಿಸಿದ.

"ಹೊಸ ಟೈರ್ ಹಾಕ್ಸಿದ್ರಾ ಗೌಡ್ರೇ?" ನಜೀರ್ ಸಾಬರು ಖುಷಿಯಿಂದ ಎದ್ದು ಬಂದು ಟೈರಿಗೆ ಕೈಯಿಟ್ಟರು. ಕೈಗೆ ಅಂಟು ಹತ್ತಿತು. ಉಗುರಿನಿಂದ ಕೆರೆದರು. ಕರೀ ಚಕ್ಕೆಯೊಂದು ಎದ್ದು ಬಂತು, ಕೆಳಗೆ ಬೆಳ್ಳನೆಯ ನೂಲು. ಅವರ ಮುಖ ಸಪ್ಪಗಾಯಿತು. "ಯಾ ಅಲ್ಲಾ! ಇದು ಟೈರಾ, ಬೊಂಬೆನಾ? ಇಳೀರಿ ಗೌಡ್ರೇ, ನನ್ನ ಹತ್ರ ಒಂದು ಟೈರಿದೆ. ಅರ್ಧ ಗಂಟೆ, ಹಾಕ್ಕೊಡ್ತೀನಿ. ನೆರಳಲ್ಲಿ ಕೂತ್ಕೊಳ್ಳಿ."

"ಮೊಟ್ಟೆ ಐತೆ ಸಾಬ್ರೇ, ಅರ್ಜೆಂಟು," ಅಂದ ಬೋರಲಿಂಗಯ್ಯ. ಪೇಟೆಯಲ್ಲಿ ಎರಡು ಸುತ್ತು ಹಾಕುವಾಗ ನೆನಪಾಗದ ಅರ್ಜೆಂಟು ಈಗ ಚೆನ್ನಾಗಿ ನೆನಪಾಯಿತು. ಬೆಲ್ಲು ಬಾರಿಸಿಕೊಂಡು ಹೊರಟೇಬಿಟ್ಟ.

ಅರ್ಕಾವತಿ ದಾಟಿ ಅರ್ಧ ದಾರಿ ಸವೆದಿತ್ತು. ಬಿಸಿಲಿಗೆ ಮೆತ್ತಗಾದ ಅರಗು ದಾರಿಯ ಮರಳನ್ನೆಲ್ಲ ಅಂಟಿಸಿಕೊಳ್ಳುತ್ತ ಬಂತು, ಮರಳಿನ ಜೊತೆಗೆ ಒಂದು ಚೂಪಾದ ಬೆಣಚುಕಲ್ಲನ್ನೂ ಅಂಟಿಸಿಕೊಂಡಿತು. ಪ್ರತಿ ಸುತ್ತಿಗೂ ಬೋರಲಿಂಗಯ್ಯನ ಭಾರ ಆ ಕಲ್ಲನ್ನು ಒಳಗೊಳಗೆ ಒತ್ತಿತು. ಇಳಿಜಾರಿನಲ್ಲಿ ಢಮ್ಮೆಂದ ಸದ್ದಿಗೆ ಪಕ್ಕದ ಹೊಲದಲ್ಲಿದ್ದ ಆಡುಗಳೆಲ್ಲ ದಿಕ್ಕಾಪಾಲಾಗಿ ಓಡಿದವು. ಬೋರಲಿಂಗಯ್ಯ ಬೀಳಲಿಲ್ಲ. ಬುಟ್ಟಿಯೂ ಬೀಳಲಿಲ್ಲ. ಟೈರು ಮಾತ್ರ ಎರಡು ಬೆರಳಗಲ ಬಾಯಿ ಬಿಟ್ಟುಕೊಂಡು ನಿಂತಿತ್ತು, ಕೆಂಪು ಗೆರೆ ಸಮೇತ.

ಒಂದು ಬೋಳು ಜಾಲಿಯ ಅರೆನೆರಳಿನಲ್ಲಿ ಬುಟ್ಟಿಯಿಟ್ಟು ಅವನು ಚಕ್ರ ಬಿಚ್ಚುತ್ತ ಕೂತಿದ್ದಾಗ ಗೆಜ್ಜೆ ಸದ್ದು ಕೇಳಿಸಿತು. ಬರಬಾರದ ಹೊತ್ತಿಗೆ ಬರಬಾರದವನೇ ಬಂದ. ಚೆಲುವಯ್ಯ ಬರೀ ಗಾಡಿ ಹೊಡೆದುಕೊಂಡು ಊರಿಗೆ ಹೊರಟಿದ್ದ.

"ಏನ್ಲಾ ಬೋರ, ವಿಲಾಯ್ತಿ ಕುದ್ರೆ ಮಲಿಕ್ಕಂತಾ?" ಅಂತ ಗಾಡಿ ನಿಲ್ಲಿಸಿದ. "ಅತ್ತು, ಸೈಕಲ್ಲೂ ಮಡಿಕ್ಕಂಡೋಗಾನ."

ಗಾಡಿಯ ಮೇಲೆ ಸೈಕಲ್, ಸೈಕಲ್ಲಿನ ಪಕ್ಕ ತಾನು, ಹಾಗೆ ಊರಬಾಗಿಲು ಹೊಗುವುದನ್ನು ಬೋರಲಿಂಗಯ್ಯ ಒಂದು ಗಳಿಗೆ ಯೋಚಿಸಿದ. ಕುಂಬಳಕಾಯಿ ಒಡೆದ ಜಾಗ ಕಣ್ಣಿಗೆ ಬಂತು. "ಬ್ಯಾಡ ಕಣ್ಲಾ. ತ್ಯಾಪೆ ಆಕದು, ಬರದು. ನೀನ್ ನಡಿ."

"ಮೊಟ್ಟೇನಾದ್ರೂ ಕೊಡ್ಲಾ ಇತ್ಲಾಗೆ. ಸಿವಲಿಂಗಮ್ಮನ ಕೈಗೆ ಕೊಡ್ತೀನಿ."

"ನಿನ್ ಗಾಡಿ ಕುಲುಕ್ಗೆ ಮೊಟ್ಟೆ ಉಳ್ದಾವಾ? ಓಗ್ಲಾ, ಓಗು."

ಚೆಲುವಯ್ಯ ಒಂದು ಸಲ ಬುಟ್ಟಿಯನ್ನೂ ಒಂದು ಸಲ ಇವನ ಮುಖವನ್ನೂ ನೋಡಿ ಎತ್ತುಗಳನ್ನು ಹೊಡೆದ. ಗಾಡಿ ತಿರುವಿನಲ್ಲಿ ಮರೆಯಾಯಿತು.

ಬೋರಲಿಂಗಯ್ಯ ಟ್ಯೂಬಿನ ದೊಡ್ಡ ತೂತಿಗೆ ತೇಪೆ ಹಾಕಿ ಪಂಪು ಹೊಡೆದ. ಗಾಳಿ ಇನ್ನೆಲ್ಲಿಂದಲೋ ಸುಯ್ಯೆನ್ನುತ್ತಿತ್ತು. ಸಣ್ಣ ತೂತು ಸಿಗಬೇಕಾದರೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು. ನೀರು ಎಲ್ಲಿದೆ? ಚೊಂಬಿನಲ್ಲಿದೆ. ಒಂದಿಷ್ಟು ಸಾಕು ಅಂತ ಬಂಡೆಯ ಗುಳಿಗೆ ಒಂದಿಷ್ಟು ಸುರಿದ. ಸಾಲಲಿಲ್ಲ. ಇನ್ನೊಂದಿಷ್ಟು ಸುರಿದ. ಗುಳ್ಳೆ ಸಿಗುವ ಹೊತ್ತಿಗೆ ಚೊಂಬು ಬರಿದಾಗಿತ್ತು. ಬುಟ್ಟಿಯ ಮೇಲಿನ ಬಟ್ಟೆ ಇನ್ನೂ ಹಸಿಯಾಗಿದೆ, ಊರು ಇನ್ನೇನು ಎರಡು ಹರದಾರಿಯೂ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡ.

ತೇಪೆ ಹಿಡಿಯಿತು. ಆದರೆ ಗಾಳಿ ತುಂಬಿದ ಟ್ಯೂಬು ಟೈರಿನ ಬಾಯಿಯಿಂದ ಗುಳ್ಳೆಯಾಗಿ ಹೊರಕ್ಕೆ ನುಗ್ಗತೊಡಗಿತು. ಒಳಗಡೆ ಬಟ್ಟೆ ಮಡಿಸಿ ಒತ್ತುಕೊಡದೆ ಹತ್ತು ಮಾರೂ ಹೋಗುವಂತಿಲ್ಲ. ಬಟ್ಟೆ ಯಾವುದು? ತಲೆಯ ಮೇಲೆ ಜರಿಪೇಟವಿತ್ತು. ಬರಿತಲೆಯಲ್ಲಿ ಊರಿಗೆ ಹೋಗಲು ಅವನೇನು ಸೂತಕದವನೇ? ಹೆಗಲ ಮೇಲೆ ವಲ್ಲಿಯಿತ್ತು. ವಲ್ಲಿಯಿಲ್ಲದ ಗೌಡನನ್ನು ಯಾರು ಗೌಡ ಅಂದಾರು? ಪಂಚೆಯ ವಿಷಯ ಬಿಡಿ. ಹೀಗೆ ತಲೆಯಿಂದ ಕಾಲಿನವರೆಗೆ ತನ್ನ ಮೈಮೇಲಿದ್ದ ಒಂದೊಂದು ಬಟ್ಟೆಯೂ ಬಹಳ ಮುಖ್ಯವಾದದ್ದು ಅಂತ ಕಂಡುಕೊಂಡ ಬೋರಲಿಂಗಯ್ಯ ಕೊನೆಗೆ ಬುಟ್ಟಿಯ ಕಡೆ ನೋಡಿದ.

ಬಟ್ಟೆ ಮುಟ್ಟಿ ಒಂದು ಸಲ ಕೈ ಹಿಂದಕ್ಕೆ ತೆಗೆದ. ಅಷ್ಟು ಹೇಳಲೇಬೇಕು. ಆಮೇಲೆ ಬಟ್ಟೆಯನ್ನೆತ್ತಿ, ಮಡಿಸಿ, ಟೈರಿನೊಳಕ್ಕೆ ಒತ್ತಿದ. ಮೊಟ್ಟೆ ಹಾಳೆಗಳ ಮೇಲೆ ನಾಲ್ಕು ಎಕ್ಕದ ಎಲೆ ಮುಚ್ಚಿದ.

ಊರ ಕೆರೆಯ ಏರಿಯ ಮೇಲೆ ಅವನು ಚೆಲುವಯ್ಯನ ಗಾಡಿಯನ್ನು ಹಿಂದೆ ಹಾಕಿದ. ಟಿಣ್ ಟಿಣ್ ಅಂತ ಬೆಲ್ಲು ಬಾರಿಸಿದ. ನೆತ್ತಿಯ ಮೇಲಿನ ಸೂರ್ಯನ ಕೆಳಗೆ ಜರಿಪೇಟ ಮಿಂಚಿತು, ವಲ್ಲಿ ಹಾರಾಡಿತು, ಊರಬಾಗಿಲಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಇಷ್ಟು ಜಂಬದಿಂದ ಅವನು ಸೈಕಲ್ ತಂದ ದಿನವೂ ಊರು ಹೊಕ್ಕಿರಲಿಲ್ಲ.

ಶಿವಲಿಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನ ಮುಖ ನೋಡಲಿಲ್ಲ, ಪೇಟ ನೋಡಲಿಲ್ಲ, ಬುಟ್ಟಿಗೆ ಕೈಚಾಚಿದಳು. ಬಾಡಿದ ಎಕ್ಕದ ಎಲೆ ಸರಿಸಿ ಹಾಳೆ ಮುಟ್ಟಿದಳು. ಹಾಳೆ ಗರಗರ ಎಂದಿತು.

"ಬಟ್ಟೆ ಎಲ್ಲಿ?"

ಉತ್ತರ ಕೊಡುವ ತಾಪತ್ರಯ ಬೋರಲಿಂಗಯ್ಯನಿಗೆ ಬರಲಿಲ್ಲ. ಹಿಂದಿನ ಚಕ್ರದಲ್ಲಿ ಟೈರು ಬಾಯಿಬಿಟ್ಟ ಕಡೆ ಸೀರೆಯ ನೀಲಿ ಅಂಚು ನಾಲ್ಕು ಬೆರಳು ಹೊರಗೆ ಇಣುಕಿತ್ತು. ಶಿವಲಿಂಗಮ್ಮ ಅದನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸುತ್ತಲೂ ಹಸಿ ಮರಳು ಹಾಕಿದಳು, ಬಾಳೆಎಲೆ ಮುಚ್ಚಿದಳು, ಮತ್ತೆ ಮತ್ತೆ ನೀರು ಚಿಮುಕಿಸಿದಳು, ಸಂಜೆಯವರೆಗೆ ಹುಳುಮನೆ ಬಿಟ್ಟು ಕದಲಲಿಲ್ಲ.

ಬೆಳಗ್ಗೆ ಐದು ಹಾಳೆಯ ತುಂಬ ಇರುವೆಮರಿಗಳಂತೆ ಹುಳು ಮಿಜಿಗುಟ್ಟಬೇಕಿತ್ತು. ಒಂದೇ ಹಾಳೆಯ ಒಂದು ಮೂಲೆಯಲ್ಲಿ ಒಂದು ಚಿಟಿಕೆಯಷ್ಟು ಹುಳು ಎದ್ದಿದ್ದವು. ಉಳಿದದ್ದೆಲ್ಲ ಒಳಗೇ ಸತ್ತು ಹೋಗಿತ್ತು. ಆ ಚಿಟಿಕೆ ಹುಳುವಿಗೂ ಅವಳು ಎಳೆಸೊಪ್ಪು ಕೊಯ್ದು ಸಣ್ಣಗೆ ಹೆಚ್ಚಿ ಹಾಕಿದಳು. ಅವು ಎರಡು ದಿನ ಮೆಲ್ಲಗೆ ಓಡಾಡಿ ಮೂರನೆಯ ದಿನ ಇಲ್ಲವಾದವು. ಅವತ್ತು ಅವಳು ಹಿಪ್ಪುನೇರಳೆ ತೋಟಕ್ಕೆ ದನ ಬಿಟ್ಟಳು.

ಆ ರಾತ್ರಿ ಮುದ್ದೆ ಬಡಿಸುತ್ತ ಒಂದೇ ಮಾತು ಹೇಳಿದಳು. "ನಿಮ್ ತಲೆ ಮ್ಯಾಲೊಂದು ಬಟ್ಟೆ ಇತ್ತು. ಎಗಲ ಮ್ಯಾಲೊಂದಿತ್ತು."

ಬೋರಲಿಂಗಯ್ಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ಇಷ್ಟು ವರ್ಷ ಜನ ನಕ್ಕಾಗಲೂ ಆಗದ ನಾಚಿಕೆ ಆಗ ಆಯಿತು. ಹಟ್ಟಿಯಲ್ಲಿದ್ದ ಸೈಕಲ್ಲಿನ ಮೇಲೆ ಸಿಟ್ಟು ಮಾಡೋಣ ಅಂದುಕೊಂಡ. ಅದರ ತಪ್ಪೇನಿತ್ತು, ಪಾಪ? ಅದು ಮೂರು ವರ್ಷದಿಂದ ಹೇಳುತ್ತಲೇ ಇತ್ತು.

ಮರುದಿನ ಸೈಕಲ್ಲನ್ನು ತಳ್ಳಿಕೊಂಡೇ ಕ್ಲೋಸ್‌ಪೇಟೆಗೆ ಹೋಗಿ ಎರಡೂ ಟೈರು ಬದಲಾಯಿಸಿದ. ಹೊಸ ಟೈರಿನಲ್ಲಿ ಏನು ಬರೆದಿದೆ ಅಂತ ಕೇಳಲಿಲ್ಲ. ನಜೀರ್ ಸಾಬರು ಹಳೆಯ ಟೈರಿನಿಂದ ಬಟ್ಟೆಯನ್ನು ಎಳೆದು ತೆಗೆದು ಕೈಗಿತ್ತರು. ಶಿವಲಿಂಗಮ್ಮ ಅದನ್ನು ಒಗೆದಳು, ಇನ್ನೊಮ್ಮೆ ಒಗೆದಳು. ಟೈರಿನ ಕಪ್ಪು ಹೋಗಲಿಲ್ಲ. ಮತ್ತೆ ಹೆಸರು ಬರೆಸಿದಳು.

ಮತ್ತೆ ಮೂರು ತಿಂಗಳಾದ ಮೇಲೆ ಕಾಗದ ಬಂತು. ಅವಳು ಈ ಸಲ ಯಾರನ್ನೂ ಕಳಿಸಲಿಲ್ಲ, ತಾನೇ ಹೊರಟಳು. ಚೆಲುವಯ್ಯನ ಗಾಡಿಯಲ್ಲಿ ಕ್ಲೋಸ್‌ಪೇಟೆಗೆ, ಅಲ್ಲಿಂದ ರೈಲಿನಲ್ಲಿ ಚನ್ನಪಟ್ಟಣಕ್ಕೆ. ಬರಬೇಕೋ ಬೇಡವೋ ಅಂತ ಬೋರಲಿಂಗಯ್ಯ ಕೇಳಲಿಲ್ಲ, ಚೊಂಬು ಹಿಡಿದು ಹಿಂದೆ ನಡೆದ. ರೇಷ್ಮೆ ತೋಟದ ಗುಮಾಸ್ತರು ಹಾಳೆಗಳನ್ನು ಬುಟ್ಟಿಯಲ್ಲಿಟ್ಟು ಬಟ್ಟೆಗೆ ಕೈ ಚಾಚಿದರು. ಶಿವಲಿಂಗಮ್ಮ ಚೀಲದಿಂದ ಕಪ್ಪು ಕಲೆಯ ಸೆರಗನ್ನು ತೆಗೆಯುವಷ್ಟರಲ್ಲಿ ಬೋರಲಿಂಗಯ್ಯ ಜರಿಪೇಟವನ್ನು ತಲೆಯಿಂದ ಬಿಚ್ಚಿ, ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಬುಟ್ಟಿಯ ಮೇಲೆ ಹೊದಿಸಿದ. ಅವಳು ಸೆರಗನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಕ್ಲೋಸ್‌ಪೇಟೆಯಲ್ಲಿ ರೈಲಿಳಿದು ಗಾಡಿ ಹತ್ತಿದರು. ಅಂದರೆ ಅವಳೂ ಬುಟ್ಟಿಯೂ ಹತ್ತಿದರು, ಅವನು ಗಾಡಿಯ ಪಕ್ಕದಲ್ಲಿ ಚೊಂಬು ಹಿಡಿದು ನಡೆದ. ಬರಿತಲೆಗೆ ಬಿಸಿಲು ಬಡಿಯುತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ನಜೀರ್ ಸಾಬರು ಅಂಗಡಿಯಿಂದ ಹೊರಗೆ ಬಂದು ಕಣ್ಣುಜ್ಜಿಕೊಂಡರು.

"ಗೌಡ್ರೇ! ಏನಿದು, ಸೈಕಲ್ಲೆಲ್ಲಿ? ಹೊಸ ಟೈರೂ ಹೋಯ್ತಾ?"

"ಟೈರ್ ಚೆಂದಾಗೈತೆ ಸಾಬ್ರೇ, ಮನೇಲೈತೆ," ಅಂದ ಬೋರಲಿಂಗಯ್ಯ. ಇನ್ನೂ ಏನೋ ಹೇಳಲು ಹೊರಟವನು ಬುಟ್ಟಿಯ ಮೇಲೆ ಕೈಯಿಟ್ಟು ನೋಡಿದ. "ತಡೀರಿ, ಬಟ್ಟೆ ಒಣಗ್ತಾ ಐತೆ." ಚೊಂಬಿನಿಂದ ಅಂಗೈಗೆ ನೀರು ಹಾಕಿಕೊಂಡು ಜರಿಯ ಮೇಲೆಲ್ಲ ಚಿಮುಕಿಸಿದ.

"ಈ ಅಂಚ್ಗೂ ಒಸಿ ಆಕಿ," ಅಂದಳು ಶಿವಲಿಂಗಮ್ಮ.

ಹಾಕಿದ.